ಮೀನು ಹೋಯಿತು, ಗಾಜು ಉಳಿಯಿತು: ಅಮ್ಮನ ಜೊತೆ ವಿಕ್ ಬಂದರಿನಲ್ಲಿ

ಗುರುವಾರ

ಇನ್ವರ್ನೆಸ್‌ನಿಂದ ವಿಕ್‌ಗೆ ಹೋಗುವ ರೈಲಿಗೆ ಅವಸರವೇ ಇಲ್ಲ. ಕಾರಿನಲ್ಲಾದರೆ ಎರಡೂವರೆ ಗಂಟೆಯ ದಾರಿ. ರೈಲಿಗೆ ನಾಲ್ಕು ಗಂಟೆಗೂ ಜಾಸ್ತಿ ಬೇಕು. ಹೆಚ್ಚಾಗಿ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಪಕ್ಕದಲ್ಲೇ ಹೆಲ್ಮ್ಸ್‌ಡೇಲ್‌ವರೆಗೆ ಹೋಗಿ, ಅಲ್ಲಿಂದ ಹಳಿ ಸಮುದ್ರ ಬಿಟ್ಟು ಒಳನಾಡಿಗೆ ತಿರುಗುತ್ತದೆ. ಮುಂದೆ ಥರ್ಸೋ ಅನ್ನುವ ಊರಿಗೆ ಹೋಗಿ, ಬಂದ ದಾರಿಯಲ್ಲೇ ಒಂದಷ್ಟು ವಾಪಸ್ ಬಂದು, ಆಮೇಲೆ ವಿಕ್. ನಡುವೆ ಕೆಲವು ಸ್ಟೇಷನ್‌ಗಳಲ್ಲಿ ಯಾರಾದರೂ ಇಳಿಯುತ್ತೇವೆ ಅಥವಾ ಹತ್ತುತ್ತೇವೆ ಅಂತ ತಿಳಿಸಿದರೆ ಮಾತ್ರ ರೈಲು ನಿಲ್ಲುತ್ತದೆ.

ಅಮ್ಮ ಬೇಸಿಗೆ ಕಳೆಯಲು ಅಬರ್ಡೀನ್‌ಗೆ, ನಮ್ಮ ಮನೆಗೆ ಬಂದಿದ್ದಳು. ಎಡಿನ್‌ಬರೋ ಕೋಟೆ ತೋರಿಸಿದೆ. "ಚಂದ ಇತ್ತ್" ಅಂದಳು, ಅಷ್ಟೇ. ಅರಮನೆ, ಕೋಟೆ ಯಾವುದಕ್ಕೂ ಅವಳಿಂದ ಅದಕ್ಕಿಂತ ಹೆಚ್ಚಿನ ಮಾತು ಬರಲಿಲ್ಲ. ಉಡುಪಿ ಜಿಲ್ಲೆಯ ಕರಾವಳಿಯ ಗಂಗೊಳ್ಳಿಯಲ್ಲಿ ಹುಟ್ಟಿ ಬೆಳೆದವಳಿಗೆ ಮೀನಿನ ಊರು ತೋರಿಸಿದರೇ ಸರಿ ಅನ್ನಿಸಿತು. ಹಾಗಾಗಿ ವಿಕ್. ಅಲ್ಲಿ ಬಂದರಿನ ಪಕ್ಕದ ಸಣ್ಣ ಮ್ಯೂಸಿಯಂನಲ್ಲಿ ಒಂದೇ ಮನೆತನದವರು ನೂರು ವರ್ಷಕ್ಕೂ ಹೆಚ್ಚು ಕಾಲ ತೆಗೆದ ಫೋಟೊಗಳಿವೆ ಎಂದು ಆಫೀಸಿನಲ್ಲಿ ಒಬ್ಬರು ಹೇಳಿದ್ದರು.

ಗೋಲ್ಸ್‌ಪಿ ಹತ್ತಿರ ಬಂದಾಗ ಬೆಟ್ಟದ ನೆತ್ತಿಯಲ್ಲಿ ಸದರ್ಲೆಂಡ್‌ನ ಮೊದಲನೇ ಡ್ಯೂಕ್‌ನ ದೊಡ್ಡ ಪ್ರತಿಮೆ ಕಾಣುತ್ತದೆ. ಹೆಲ್ಮ್ಸ್‌ಡೇಲ್ ದಾಟಿದ ಮೇಲೆ ಕಿಲ್ಡೋನನ್ ಕಣಿವೆ. ಹೊಳೆ, ಹುಲ್ಲು, ಅಲ್ಲಲ್ಲಿ ಕುರಿ, ಜನ ಮಾತ್ರ ಇಲ್ಲ. "ಇಷ್ಟ್ ಒಳ್ಳೆ ಜಾಗದಲ್ ಮನೆ ಇಲ್ಯಲ್ಲಾ?" ಅಂತ ಅಮ್ಮ ಕೇಳಿದಳು. ಮನೆಗಳು ಇದ್ದವು. 1813ರಿಂದ 1819ರ ಹೊತ್ತಿಗೆ ಕುರಿ ಸಾಕಣೆಗೆ ಜಾಗ ಮಾಡಲು ಇಲ್ಲಿನ ಒಕ್ಕಲುಗಳನ್ನು ಎಬ್ಬಿಸಿದರು. ಎಬ್ಬಿಸಿದ್ದು ಅದೇ ಪ್ರತಿಮೆಯವರ ಎಸ್ಟೇಟ್. ಕೆಲವರು ಕೆನಡಾಗೆ ಹಡಗು ಹತ್ತಿದರು. ಉಳಿದವರನ್ನು ಕಡಲ ತೀರಕ್ಕೆ ತಂದು ಮೀನು ಹಿಡಿಯಿರಿ ಅಂದರು. ಬೇಸಾಯ ಮಾಡುತ್ತಿದ್ದವರಿಗೆ ದೋಣಿ, ಬಲೆ! ಆಗ ಕ್ಯಾಮೆರಾ ಇನ್ನೂ ಬಂದಿರಲಿಲ್ಲ. ಆ ಮನೆಗಳು ಇದ್ದಾಗ ಹೇಗಿದ್ದವು ಅಂತ ತೋರಿಸುವ ಒಂದು ಫೋಟೊ ಕೂಡ ಇಲ್ಲ.

ಫಾರ್ಸಿನಾರ್ಡ್ ಸುತ್ತ ಕಣ್ಣು ಹಾಯುವಷ್ಟು ದೂರ ಜೌಗು, ಸಣ್ಣ ಸಣ್ಣ ಕಪ್ಪು ಕೊಳಗಳು. ಫ್ಲೋ ಕಂಟ್ರಿ ಅನ್ನುವ ಈ ಜೌಗು ಪ್ರದೇಶಕ್ಕೆ 2024ರಲ್ಲಿ ವಿಶ್ವ ಪರಂಪರೆ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಅಮ್ಮ ಅಷ್ಟರಲ್ಲಿ ನಿದ್ದೆ ಹೋಗಿದ್ದಳು.

ವಿಕ್ ತಲುಪಿದಾಗ ಸಂಜೆ, ಆದರೆ ಜೂನ್ ಆದ್ದರಿಂದ ಹಗಲು ಮುಗಿಯುವ ಲಕ್ಷಣ ಇರಲಿಲ್ಲ. ಸ್ಟೇಷನ್‌ನಿಂದ ರೂಮಿಗೆ ಹೋಗುವಾಗ ಎಬೆನೀಜರ್ ಪ್ಲೇಸ್ ನೋಡಿದೆವು. ಪ್ರಪಂಚದ ಅತಿ ಸಣ್ಣ ಬೀದಿಯಂತೆ, ಉದ್ದ 2.06 ಮೀಟರ್. ಒಂದು ಬಾಗಿಲು ಬಿಟ್ಟರೆ ಬೇರೇನೂ ಇಲ್ಲ. ನೋಡಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ನೋಡಿದೆವು.

ಶುಕ್ರವಾರ

ಬೆಳಿಗ್ಗೆ ತಿಂಡಿಗೆ ಕಿಪ್ಪರ್ ಸಿಕ್ಕಿತು. ಹೆರಿಂಗ್ ಮೀನನ್ನು ಬೆನ್ನಿನ ಕಡೆಯಿಂದ ಸೀಳಿ, ಉಪ್ಪುನೀರಿನಲ್ಲಿ ಅದ್ದಿ, ಹೊಗೆ ಕೊಟ್ಟು ಮಾಡುವುದು. ಹೆರಿಂಗೂ, ನಮ್ಮೂರಲ್ಲಿ ಬೈಗಿ ಅನ್ನುವ ಬೂತಾಯಿಯೂ ಹತ್ತಿರದ ಸಂಬಂಧದ ಮೀನುಗಳು. ಅಮ್ಮನಿಗೆ ಇದನ್ನು ಯಾರೂ ಹೇಳಬೇಕಾಗಲಿಲ್ಲ. ಮುಳ್ಳು ಬಿಡಿಸುತ್ತಾ ಬಿಡಿಸುತ್ತಾ ತಾನೇ ಹೇಳಿದಳು. "ಬೈಗಿ ಜಾತಿಯೇ ಇದ್" ಅಂದಳು. ಮೆಣಸು, ಹುಳಿ ಇಲ್ಲದ್ದಕ್ಕೆ ಮಾತ್ರ ಆಕ್ಷೇಪ.

ವಿಕ್ ಹೆರಿಟೇಜ್ ಮ್ಯೂಸಿಯಂ ಇರುವುದು ಹೊಳೆಯ ಆಚೆ ಬದಿ, ಪುಲ್ಟ್ನಿಟೌನ್‌ನಲ್ಲಿ. ಅದು ಬೇರೆಯೇ ಊರಾಗಿತ್ತು. ಬ್ರಿಟಿಷ್ ಫಿಶರೀಸ್ ಸೊಸೈಟಿ ಅನ್ನುವ ಸಂಸ್ಥೆ ಎಂಜಿನಿಯರ್ ಥಾಮಸ್ ಟೆಲ್ಫರ್ಡ್ ಕೈಯಲ್ಲಿ ನಕ್ಷೆ ಮಾಡಿಸಿ, 1800ರ ದಶಕದ ಆರಂಭದಲ್ಲಿ ಹೆರಿಂಗ್‌ಗಾಗಿಯೇ ಕಟ್ಟಿಸಿದ ಬಂದರು ಮತ್ತು ಪೇಟೆ. ಕೆಳಗೆ ದೋಣಿ ಕಟ್ಟುವ ದಕ್ಕೆಯ ಪಕ್ಕ ಉಪ್ಪು ಹಾಕುವ ಅಂಗಳ, ಗೋದಾಮು. ಮೇಲೆ ದಿಬ್ಬದಲ್ಲಿ ಮನೆಗಳು. ಇವತ್ತಿಗೂ ಬೀದಿಗಳು ಹಾಗೇ ಇವೆ.

ಮ್ಯೂಸಿಯಂ ಇರುವ ಬ್ಯಾಂಕ್ ರೋನಲ್ಲೇ ಒಂದು ಪುಟ್ಟ ತೋಟ ಇದೆ. 1940ರ ಜುಲೈ 1ರಂದು ಹಾಡಹಗಲೇ ಜರ್ಮನ್ ವಿಮಾನ ಬಾಂಬು ಹಾಕಿದ ಜಾಗ ಅದು. 15 ಜನ ಸತ್ತರು, ಅವರಲ್ಲಿ 8 ಮಂದಿ ಮಕ್ಕಳು. ಬೇಸಿಗೆಯ ಮಧ್ಯಾಹ್ನ, ಮಕ್ಕಳು ಹೊರಗೆ ಆಡುತ್ತಿದ್ದರು.

ಮ್ಯೂಸಿಯಂ ಹೊರಗಿನಿಂದ ಸಾಮಾನ್ಯ ಮನೆಗಳ ಸಾಲು. ಒಳಗೆ ಹೋದರೆ ಒಂದು ಮನೆಯಿಂದ ಇನ್ನೊಂದಕ್ಕೆ ದಾರಿ, ಮೆಟ್ಟಿಲು, ಮತ್ತೆ ಮೆಟ್ಟಿಲು. ವಿಕ್ ಸೊಸೈಟಿ ಅಂತ 1971ರಲ್ಲಿ ಊರಿನವರೇ ಕಟ್ಟಿಕೊಂಡ ಸಂಘ ಇದನ್ನು ನಡೆಸುತ್ತದೆ. ಟಿಕೆಟ್ ಕೊಡುವವರಿಂದ ಹಿಡಿದು ಒಳಗೆ ವಿವರಿಸುವವರವರೆಗೆ ಎಲ್ಲ ಊರಿನ ನಿವೃತ್ತರು, ಸ್ವಯಂಸೇವಕರು. ಚಳಿಗಾಲದಲ್ಲಿ ಬಾಗಿಲು ಹಾಕುತ್ತಾರೆ.

ಒಳಗೆ ಪೀಪಾಯಿ ಮಾಡುವವರ ಕೊಟ್ಟಿಗೆ ಇದೆ, ಕಿಪ್ಪರ್‌ಗೆ ಹೊಗೆ ಕೊಡುವ ಗೂಡು ಇದೆ. ಗೂಡಿನ ಗೋಡೆ ಮಸಿ ಹಿಡಿದು ಮಿರಿಮಿರಿ ಅನ್ನುತ್ತದೆ. ನಾಸ್ ಹೆಡ್ ದೀಪಸ್ತಂಭದ ಹಳೆಯ ದೀಪವೂ ಇಲ್ಲೇ. ಇವೆಲ್ಲ ಚೆನ್ನಾಗಿವೆ. ಆದರೆ ಇಂಥದ್ದು ಬೇರೆ ಮ್ಯೂಸಿಯಂಗಳಲ್ಲೂ ಸಿಗುತ್ತದೆ ಅಲ್ವಾ? ನಾವು ಬಂದದ್ದು ಜಾನ್‌ಸ್ಟನ್‌ರ ಫೋಟೊಗಳಿಗೆ.

ಜಾನ್‌ಸ್ಟನ್ ಮನೆತನದ ಮೂರು ತಲೆಮಾರು ವಿಕ್‌ನಲ್ಲಿ ಸ್ಟುಡಿಯೋ ನಡೆಸಿತು, 1863ರಿಂದ 1975ರವರೆಗೆ. ಈ ಅವಧಿಯಲ್ಲಿ ತೆಗೆದ ಫೋಟೊಗಳು ಸುಮಾರು 1 ಲಕ್ಷ ಅಂತ ಅಂದಾಜು. ಅದರಲ್ಲಿ ಹೆಚ್ಚುಕಡಿಮೆ ಅರ್ಧ, ಅಂದರೆ 50 ಸಾವಿರದಷ್ಟು ಉಳಿದಿವೆ. ಇವರು ಚರಿತ್ರೆ ದಾಖಲಿಸಲು ಹೊರಟವರಲ್ಲ, ಅಂಗಡಿ ಇಟ್ಟವರು. ಮದುವೆಗೆ ಕರೆದರೆ ಮದುವೆ, ದೋಣಿಯ ಮಾಲೀಕ ಕರೆದರೆ ದೋಣಿ, ಅಂಗಡಿಯವನು ಕರೆದರೆ ಅಂಗಡಿ ಮುಂಗಟ್ಟು. ಬಂದರಿನಲ್ಲಿ ದೋಣಿ ತುಂಬಿದ ದಿನ ತೆಗೆದರೆ ಪೋಸ್ಟ್‌ಕಾರ್ಡ್ ಮಾಡಿ ಮಾರಬಹುದು. ದುಡ್ಡು ಯಾರು ಕೊಟ್ಟರೂ ಅವರ ಫೋಟೊ. ನನಗೆ ಇದೇ ಅದರ ದೊಡ್ಡ ಗುಣ ಅನ್ನಿಸಿತು. ಹೊರಗಿನಿಂದ ಬಂದ ಕಲಾವಿದ ಆಗಿದ್ದರೆ ಚಂದದ ಮುದುಕರನ್ನೂ ಸೂರ್ಯಾಸ್ತವನ್ನೂ ಹುಡುಕುತ್ತಿದ್ದ. ಇವರು ಮಾತ್ರ ವಾರವಾರವೂ ಊರಿಗೆ ಏನು ಬೇಕೋ ಅದನ್ನೇ ತೆಗೆದರು.

ಶುರುವಿನ ಫೋಟೊಗಳ ಕಾಲದಲ್ಲಿ ಗಾಜಿನ ಹಾಳೆಗೆ ಅಂಟು ದ್ರಾವಣ ಹಚ್ಚಿ, ಅದು ಒಣಗುವ ಮೊದಲೇ ಫೋಟೊ ತೆಗೆದು, ಒಣಗುವ ಮೊದಲೇ ತೊಳೆಯಬೇಕಿತ್ತು. ಗಾಳಿ ಬೀಸುವ ದಕ್ಕೆಯ ಮೇಲೆ ಇದನ್ನು ಮಾಡುವುದು ಸುಲಭ ಇರಲಿಕ್ಕಿಲ್ಲ. ಅಲ್ಲಾಡಿದ್ದೆಲ್ಲ ಮಸುಕು. ಆಮೇಲೆ ಒಣ ಗಾಜು ಬಂತು, ಬೇಗ ತೆಗೆಯಲು ಆಯಿತು. ಗಾಜು ದೊಡ್ಡದಾದ್ದರಿಂದ ವಿವರ ಎಷ್ಟು ಅಂದರೆ, ದೋಣಿಯ ಮೂತಿಯ ಮೇಲಿನ ಡಬ್ಲ್ಯೂ ಕೆ ಅನ್ನುವ ವಿಕ್‌ನ ಗುರುತೂ ನಂಬರೂ ಓದಬಹುದು. ಬಹಳ ಊರುಗಳಲ್ಲಿ ಸ್ಟುಡಿಯೋ ಮುಚ್ಚಿದ ಮೇಲೆ ಇಂಥ ಗಾಜನ್ನು ಉಜ್ಜಿ ತೊಳೆದು ಗಿಡ ಬೆಳೆಸುವ ಗಾಜಿನ ಮನೆಗೆ ಹಾಕಿಕೊಂಡದ್ದೂ ಉಂಟು. ವಿಕ್‌ನಲ್ಲಿ ಸೊಸೈಟಿಯ ಕೈಗೆ ಬಂತು. ಸ್ವಯಂಸೇವಕರು ಒಂದೊಂದೇ ಗಾಜನ್ನು ಸ್ಕ್ಯಾನ್ ಮಾಡಿ, ಯಾರು, ಎಲ್ಲಿ ಅಂತ ಬರೆದು, ಯಾರು ಬೇಕಾದರೂ ನೋಡುವ ಹಾಗೆ ಇಂಟರ್ನೆಟ್‌ನಲ್ಲಿ ಹಾಕಿದ್ದಾರೆ.

ಬಂದರಿನ ಫೋಟೊ ಮುಂದೆ ಅಮ್ಮ ನಿಂತಳು. ದಕ್ಕೆಯಿಂದ ದಕ್ಕೆಗೆ ಬರೀ ಹಾಯಿ ಕಟ್ಟುವ ಕೂವೆಮರ, ನೀರೇ ಕಾಣುವುದಿಲ್ಲ. "ಎಷ್ಟ್ ದೋಣಿ ಮಾರಾಯಾ!" ಅಂದಳು. 1862ರಲ್ಲಿ ಇಲ್ಲಿಂದ ಹೆರಿಂಗ್‌ಗೆ ಹೋದ ದೋಣಿಗಳು 1,122. ಬೇಸಿಗೆಯ ಕೆಲವು ವಾರಗಳಲ್ಲಿ ಊರಿನ ಜನಸಂಖ್ಯೆ ದುಪ್ಪಟ್ಟಿಗೂ ಮೇಲೆ ಏರುತ್ತಿತ್ತು. ಪಶ್ಚಿಮದ ದ್ವೀಪಗಳಿಂದ ಗೇಲಿಕ್ ಮಾತಾಡುವ ಗಂಡಸರೂ ಹುಡುಗಿಯರೂ ದುಡಿಯಲು ಬರುತ್ತಿದ್ದರು. 1859ರಲ್ಲಿ ಒಂದು ಕಿತ್ತಳೆ ಹಣ್ಣಿಗೆ ಹುಡುಗರಿಬ್ಬರ ಜಗಳ ಶುರುವಾಗಿ, ಊರವರಿಗೂ ದ್ವೀಪದವರಿಗೂ ದಿನಗಟ್ಟಲೆ ಹೊಡೆದಾಟ ನಡೆದು, ಕೊನೆಗೆ ಸೈನಿಕರು ಬರಬೇಕಾಯಿತು.

ಮುಂದಿನ ಫೋಟೊಗಳಲ್ಲಿ ಮೀನು ಸೀಳುವ ಹುಡುಗಿಯರು. ಉದ್ದನೆಯ ಮರದ ತೊಟ್ಟಿಯಲ್ಲಿ ಮೀನಿನ ರಾಶಿ, ಎದುರಿಗೆ ಎಣ್ಣೆಬಟ್ಟೆಯ ಏಪ್ರನ್ ಕಟ್ಟಿ ನಿಂತ ಹೆಂಗಸರು. ಮೂವರ ಗುಂಪು: ಇಬ್ಬರು ಕರುಳು ತೆಗೆಯುವವರು, ಒಬ್ಬಳು ಪೀಪಾಯಿಗೆ ತುಂಬುವವಳು. ತುಂಬುವವಳು ಉದ್ದ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಪೀಪಾಯಿಯ ತಳಕ್ಕೆ ಕೈ ಎಟುಕುವುದಿಲ್ಲ. ಒಂದು ಸಾಲು ಮೀನು, ಮೇಲೆ ಉಪ್ಪು, ಮತ್ತೊಂದು ಸಾಲು ಅಡ್ಡಲಾಗಿ. ಹಿಡಿದ ದಿನವೇ ಉಪ್ಪಿಗೆ ಬೀಳಬೇಕು.

ಫಲಕದಲ್ಲಿ ಬರೆದಿದ್ದನ್ನು ನಾನು ಓದುತ್ತಿದ್ದೆ. ಅಮ್ಮ ಓದಲಿಲ್ಲ, ನೇರ ಕೈಗಳನ್ನು ನೋಡಿದಳು. "ಇಲ್ಲ್ ಕಾಣಾ, ಬೆರಳಿಗೆ ಬಟ್ಟಿ ಸುತ್ಕಂಡಿರ್. ಉಪ್ಪ್ ತಾಗ್ರೆ ಉರೀತ್ ಅಲ್ದಾ."

ಹೌದು, ಅದಕ್ಕೇ. ಚಾಕು ತಾಗಿ ಆದ ಗಾಯಕ್ಕೆ ಉಪ್ಪು ಇಳಿಯದಿರಲಿ ಅಂತ ಹಳೇ ಬಟ್ಟೆಯ ಚೂರು ಸುತ್ತಿ ದಾರ ಕಟ್ಟುತ್ತಿದ್ದರು. ಅಮ್ಮ ಅಷ್ಟಕ್ಕೇ ಬಿಡಲಿಲ್ಲ. ಒಬ್ಬಳು ಎಡಗೈಯವಳು ಅಂದಳು. ಇನ್ನೊಬ್ಬಳು ಸುಮ್ನೆ ಫೋಟೊಗೆ ಅಂತ ಚಾಕು ಹಿಡಿದಿದ್ದಾಳೆ, ಏಪ್ರನ್ ನೋಡು, ಒಂದು ಪೊರೆಯೂ ಅಂಟಿಲ್ಲ ಅಂದಳು. ನಮ್ಮ ಪಕ್ಕ ಬಂದು ನಿಂತಿದ್ದ ಹಿರಿಯ ಸ್ವಯಂಸೇವಕಿಗೆ ನಾನು ಇದನ್ನು ಹೇಳಿದೆ. ಅವರು ಕನ್ನಡಕ ಏರಿಸಿ ಫೋಟೊಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ, ನಕ್ಕರು. ಅವರ ಅಜ್ಜಿಯೂ ಮೀನು ಸೀಳಿದವರಂತೆ. ಹೆರಿಂಗ್ ಹಿಂದೆ ಹಿಂದೆ ಶೆಟ್‌ಲ್ಯಾಂಡ್‌ನಿಂದ ಇಂಗ್ಲೆಂಡಿನ ಯಾರ್ಮತ್‌ವರೆಗೆ, ಒಂದು ಪೆಟ್ಟಿಗೆಯಲ್ಲಿ ಬಟ್ಟೆಬರೆ ಹಾಕಿಕೊಂಡು ರೈಲಿನಲ್ಲಿ ಹೋಗುತ್ತಿದ್ದರಂತೆ. ಬಿಡುವಿನಲ್ಲಿ ಕೈ ಸುಮ್ಮನಿರುತ್ತಿರಲಿಲ್ಲ, ಹೆಣಿಗೆ. ಹೆಣೆಯುತ್ತಾ ಬೀದಿಯಲ್ಲಿ ನಡೆಯುವ ಹುಡುಗಿಯರ ಫೋಟೊ ಕೂಡ ಉಂಟು.

ನಂತರ ಇಬ್ಬರೂ ಒಂದು ಬೆಂಚಿನಲ್ಲಿ ಕೂತರು. ನಾನು ನಡುವೆ ದುಭಾಷಿ. ಅಮ್ಮ ರಂಪಣಿ ಬಗ್ಗೆ ಹೇಳಿದಳು. ಉದ್ದದ ಬಲೆಯನ್ನು ದೋಣಿಯಲ್ಲಿ ಸಮುದ್ರಕ್ಕೆ ಬಿಟ್ಟು, ದಡದಲ್ಲಿ ಎರಡೂ ಕಡೆ ನಿಂತು ಹತ್ತಾರು ಜನ ಹಗ್ಗ ಎಳೆಯುವುದು. ಎಳೆದವರಿಗೆಲ್ಲ ಪಾಲು. ಬಂಗುಡೆ ಬಿದ್ದ ದಿನ ದಡ ಇಡೀ ಬೆಳ್ಳಗೆ. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಆಳದಲ್ಲೇ ಸುತ್ತಿ ಹಿಡಿಯತೊಡಗಿದವು. ಕೆಲವೇ ವರ್ಷದಲ್ಲಿ ರಂಪಣಿ ಮುಗಿಯಿತು. ನನ್ನ ಅಜ್ಜ ರಂಪಣಿಯಲ್ಲಿ ಇದ್ದವನು. ಸ್ವಯಂಸೇವಕಿ ಎಲ್ಲ ಕೇಳಿ, ಫೋಟೊ ಇದೆಯಾ ಅಂದರು. ಅಮ್ಮ ತಲೆ ಅಲ್ಲಾಡಿಸಿದಳು. ಅಜ್ಜನ ಒಂದೇ ಫೋಟೊ ಮನೆಯಲ್ಲಿ ಇರುವುದು, ಯಾರದ್ದೋ ಮದುವೆಯಲ್ಲಿ ಕೋಟು ಹಾಕಿಕೊಂಡದ್ದು. ಬಲೆಯ ಹತ್ತಿರ ನಿಂತದ್ದು ಇಲ್ಲ.

ಮ್ಯೂಸಿಯಂನಲ್ಲಿ ನನಗೆ ಕೊರತೆ ಅನ್ನಿಸಿದ್ದು ಒಂದೇ. ಈ ಉಪ್ಪುಮೀನು ಎಲ್ಲಿಗೆ ಹೋಯಿತು ಅನ್ನುವುದನ್ನು ಇನ್ನೂ ದೊಡ್ಡದಾಗಿ ಹೇಳಬೇಕಿತ್ತು. ಆಮೇಲೆ ಜರ್ಮನಿ, ರಷ್ಯಾ ದೊಡ್ಡ ಗಿರಾಕಿಗಳಾದವು ನಿಜ. ಅದಕ್ಕೂ ಮೊದಲು ಸ್ಕಾಟ್ಲೆಂಡಿನ ಹೆರಿಂಗ್ ಪೀಪಾಯಿಗಳು ವೆಸ್ಟ್ ಇಂಡೀಸ್‌ಗೆ ಹೋಗುತ್ತಿದ್ದವು, ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರ ಊಟಕ್ಕೆ. ಅದು ಜಾನ್‌ಸ್ಟನ್‌ರ ಕ್ಯಾಮೆರಾಕ್ಕಿಂತ ಹಿಂದಿನ ಕಾಲ. ಫೋಟೊ ಇಲ್ಲ ಅಂದ ಮಾತ್ರಕ್ಕೆ ಕಥೆಯೂ ಸಣ್ಣದಾಗಬಾರದು. ಫೋಟೊ ಮ್ಯೂಸಿಯಂಗಳಿಗೆ ಈ ಅಪಾಯ ಯಾವಾಗಲೂ ಇರುತ್ತದೆ.

ಶನಿವಾರ

ಇವತ್ತು ಬಂದರು ಸುತ್ತಿದೆವು. ಫೋಟೊದಲ್ಲಿ ನೋಡಿದ ದಕ್ಕೆಗಳು ಅವೇ, ಕಲ್ಲೂ ಅದೇ. ದೋಣಿ ಮಾತ್ರ ಕೆಲವೇ. ಏಡಿ, ಲಾಬ್‌ಸ್ಟರ್ ಹಿಡಿಯುವ ಸಣ್ಣ ಬೋಟುಗಳು, ಪಕ್ಕದಲ್ಲಿ ಬುಟ್ಟಿಗಳ ರಾಶಿ, ಆಮೇಲೆ ಒಂದಷ್ಟು ಯಾಟ್. ಮೊದಲ ಮಹಾಯುದ್ಧ ಬಂದಾಗ ಜರ್ಮನಿಯ ವ್ಯಾಪಾರ ಹೋಯಿತು, ಕ್ರಾಂತಿ ಆದ ಮೇಲೆ ರಷ್ಯಾದ್ದೂ ಹೋಯಿತು. ಆಮೇಲೆ ಮೀನೂ ಕಡಿಮೆಯಾಯಿತು. 1977ರಲ್ಲಿ ಉತ್ತರ ಸಮುದ್ರದಲ್ಲಿ ಹೆರಿಂಗ್ ಹಿಡಿಯುವುದನ್ನೇ ಕೆಲವು ವರ್ಷ ನಿಲ್ಲಿಸಬೇಕಾಯಿತು. ಈಗ ಬಂದರಿಗೆ ಕೆಲಸ ಕೊಡುತ್ತಿರುವುದು ಗಾಳಿ. ಕರಾವಳಿಯಿಂದ ಆಚೆ ಬಿಯಾಟ್ರಿಸ್ ಅನ್ನುವ ವಿಂಡ್ ಫಾರ್ಮ್‌ನಲ್ಲಿ 84 ಟರ್ಬೈನ್‌ಗಳಿವೆ. ಅದನ್ನು ನೋಡಿಕೊಳ್ಳುವವರ ಆಫೀಸು ಟೆಲ್ಫರ್ಡ್ ಕಾಲದ ಹಳೆಯ ಕಟ್ಟಡಗಳಲ್ಲೇ. ಹಳೆಯ ಗೋದಾಮಿಗೆ ಬಾಡಿಗೆದಾರರು ಸಿಕ್ಕಿದ್ದು ನನಗಂತೂ ಖುಷಿ.

ವಿಕ್ ಸೊಸೈಟಿಯವರ ಬಳಿ ಒಂದು ಹಳೆಯ ಹಾಯಿದೋಣಿಯೂ ಇದೆ. ಹೆಸರು ಇಸಬೆಲ್ಲಾ ಫಾರ್ಚುನಾ, 1890ರಲ್ಲಿ ಆರ್ಬ್ರೋತ್‌ನಲ್ಲಿ ಕಟ್ಟಿದ್ದು. ಮೂತಿ ನೆಟ್ಟಗೆ ನಿಂತಿರುವ ಈ ಜಾತಿಯ ದೋಣಿಗೆ ಫೈಫಿ ಅನ್ನುತ್ತಾರೆ. ಫೋಟೊಗಳಲ್ಲಿ ನೂರಾರು ಕಂಡಿದ್ದೆವು.

ಬಂದರಿನ ಬಾಯಿಗೆ ನಡೆದೆವು. ಗಂಗೊಳ್ಳಿಯವರಿಗೆ ಹೊಳೆ ಸಮುದ್ರ ಸೇರುವ ಅಳಿವೆ ಅಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಸಮುದ್ರದಲ್ಲಿ ರಾತ್ರಿಯಿಡೀ ಬದುಕಿ ಬಂದವರು ಅಳಿವೆಯಲ್ಲಿ ಸಾಯುತ್ತಾರೆ. ಇಲ್ಲೂ ಹಾಗೇ ಆಯಿತು. 1848ರ ಆಗಸ್ಟ್‌ನಲ್ಲಿ ಒಂದು ಶುಕ್ರವಾರ ಸಂಜೆ ಹೊರಟ ದೋಣಿಗಳಿಗೆ ರಾತ್ರಿ ಬಿರುಗಾಳಿ ಸಿಕ್ಕಿತು. ವಾಪಸ್ ಬಂದರೆ ಇಳಿತದಿಂದ ಬಂದರಿನೊಳಗೆ ನೀರು ಸಾಲದು. ಒಳಗೆ ಬರಲು ಆಗದೆ, ದಡದಲ್ಲಿ ನಿಂತ ಹೆಂಡತಿ ಮಕ್ಕಳ ಕಣ್ಣೆದುರೇ ದೋಣಿಗಳು ಮಗುಚಿದವು. ವಿಕ್‌ನಲ್ಲಿ 37 ಮಂದಿ, ಇಡೀ ಪೂರ್ವ ಕರಾವಳಿಯಲ್ಲಿ 100 ಮಂದಿ ಸತ್ತರು. ಸರ್ಕಾರ ಕಳಿಸಿದ ಕ್ಯಾಪ್ಟನ್ ವಾಷಿಂಗ್ಟನ್ ವರದಿ ಬರೆದ: ಬಂದರು ಆಳ ಮಾಡಿ, ತೆರೆದ ದೋಣಿ ಬಿಟ್ಟು ಡೆಕ್ ಇರುವ ದೋಣಿ ಕಟ್ಟಿ.

ಅಲೆ ತಡೆಯಲು 1863ರಲ್ಲಿ ದೊಡ್ಡ ಗೋಡೆ ಶುರುವಾಯಿತು. ಜಾನ್‌ಸ್ಟನ್ ಸ್ಟುಡಿಯೋ ತೆರೆದ ವರ್ಷವೇ. ಕಟ್ಟಿದ್ದು ದೀಪಸ್ತಂಭಗಳಿಗೆ ಹೆಸರಾದ ಸ್ಟೀವನ್‌ಸನ್ ಮನೆತನ. ಆಮೇಲೆ ಲೇಖಕನಾಗಿ ಪ್ರಸಿದ್ಧನಾದ ಹುಡುಗ ರಾಬರ್ಟ್ ಲೂಯಿಸ್ ಕೂಡ 1868ರಲ್ಲಿ ಎಂಜಿನಿಯರಿಂಗ್ ಕಲಿಯಲು ಇಲ್ಲಿಗೆ ಬಂದಿದ್ದ. ಊರು ಒಂಚೂರೂ ಹಿಡಿಸಲಿಲ್ಲ. ಮುಳುಗುಗಾರರ ಉಡುಪು ಹಾಕಿ ಸಮುದ್ರದ ತಳಕ್ಕೆ ಇಳಿದದ್ದು ಮಾತ್ರ ಇಷ್ಟವಾಯಿತು. ಗೋಡೆ ನಿಲ್ಲಲಿಲ್ಲ. 1872ರಲ್ಲಿ 1,350 ಟನ್ನಿನ ತುದಿಯನ್ನು ಅಲೆ ಎತ್ತಿ ಸರಿಸಿತು. ಅದರ ಜಾಗಕ್ಕೆ 2,600 ಟನ್ನಿನದ್ದು ಇಟ್ಟರು. 1877ರಲ್ಲಿ ಅದೂ ಹೋಯಿತು. ಆಮೇಲೆ ಕೈಬಿಟ್ಟರು. ಈಗ ಇಳಿತದಲ್ಲಿ ಅದರ ಕಲ್ಲುರಾಶಿ ಕಾಣುತ್ತದೆ. "ಸಮುದ್ರಕ್ಕೆ ಲೆಕ್ಕ ಹೇಳೂಕೆ ಹೋದ್ರೆ ಹೀಂಗೇ" ಅಂದಳು ಅಮ್ಮ.

ಮಧ್ಯಾಹ್ನ ಟ್ಯಾಕ್ಸಿಯಲ್ಲಿ ವ್ಹೇಲಿಗೋಗೆ. ಬಂಡೆಯಿಂದ ಕೆಳಗಿನ ಪುಟ್ಟ ಬಂದರಿಗೆ ಮುನ್ನೂರಕ್ಕೂ ಹೆಚ್ಚು ಕಲ್ಲು ಮೆಟ್ಟಿಲು. ಹೆಂಗಸರು ಬುಟ್ಟಿ ತುಂಬ ಮೀನು ಹೊತ್ತು ಇದನ್ನು ಹತ್ತಿ, ವಿಕ್‌ವರೆಗೆ ನಡೆದು ಮಾರುತ್ತಿದ್ದರು. ಸುಮಾರು 11 ಕಿಲೋಮೀಟರ್ ದಾರಿ. ಅಮ್ಮ ಮೇಲೆಯೇ ಕೂತಳು. ನಾನು ಬರಿಗೈಯಲ್ಲಿ ಇಳಿದು ಹತ್ತಿದೆ, ಮೂರು ಕಡೆ ನಿಂತು ಸುಧಾರಿಸಿಕೊಂಡೆ.

ರಾತ್ರಿ ಊಟದ ಹೊತ್ತಿಗೆ ಪಕ್ಕದ ಟೇಬಲ್‌ನವರು ಓಲ್ಡ್ ಪುಲ್ಟ್ನಿ ವಿಸ್ಕಿ ಕುಡಿಯುತ್ತಿದ್ದರು. 1826ರಿಂದ ಇಲ್ಲೇ ತಯಾರಾಗುವುದು. ಇದೇ ಊರು ಮತ ಹಾಕಿ 1922ರಿಂದ 1947ರವರೆಗೆ ಪಾನನಿಷೇಧ ಇಟ್ಟುಕೊಂಡಿತ್ತು ಅಂದರೆ ನಂಬುವುದು ಕಷ್ಟ.

ಭಾನುವಾರ

ಮ್ಯೂಸಿಯಂಗೆ ರಜೆ. ಅಂಗಡಿಗಳೂ ಅಷ್ಟಕ್ಕಷ್ಟೇ. ರೈಲಿನಲ್ಲಿ ಕೂತ ಮೇಲೆ ಅಮ್ಮನಿಗೆ ಫೋನಿನಲ್ಲಿ ಜಾನ್‌ಸ್ಟನ್ ಫೋಟೊಗಳನ್ನು ತೆಗೆದುಕೊಟ್ಟೆ. ಕಿಲ್ಡೋನನ್ ಬರುವವರೆಗೂ ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಸಿಗ್ನಲ್ ಹೋದಾಗ ಬೈದಳು. ಬಲೆ ಒಣಗಿಸುವ ಒಂದು ಫೋಟೊದಲ್ಲಿ ಬಲೆಯ ಕಣ್ಣು ಎಷ್ಟು ದೊಡ್ಡದಿದೆ ಎಂದು ಲೆಕ್ಕ ಹಾಕಿ, ಮರಿ ತಪ್ಪಿಸಿಕೊಳ್ಳುತ್ತಿತ್ತು ಅಂತ ತೀರ್ಪು ಕೊಟ್ಟಳು.

ಇನ್ವರ್ನೆಸ್‌ನಲ್ಲಿ ಇಳಿದ ಮೇಲೆ, ಊರಲ್ಲಿ ಇನ್ನೂ ಮಲಗಿರಲಿಕ್ಕಿಲ್ಲ ಅಂತ ಅವಳೇ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿಸಿದಳು. ಅವನ ಹೆಂಡತಿಯ ಕಡೆಯವರಿಗೆ ಹಿಂದೆ ಸ್ಟುಡಿಯೋ ಇತ್ತು. ಈಗ ಅಲ್ಲಿ ಮೊಬೈಲ್ ಅಂಗಡಿ. ಹಳೇ ನೆಗೆಟಿವ್ ಏನಾದವು ಅಂತ ಕೇಳಿದೆ. ಅಟ್ಟದಲ್ಲಿ ಎರಡು ತಗಡಿನ ಡಬ್ಬಿ ಇರಬೇಕು, ಮಳೆಗಾಲಕ್ಕೆ ಬೂಸ್ಟು ಹಿಡಿದಿದೆಯೋ ಏನೋ, ಹೆಚ್ಚಿನದ್ದೆಲ್ಲ ಮದುವೆ ಫೋಟೊಗಳೇ ಅಂದ. ಅಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು.

"ಮದಿಯದ್ದಾದ್ರೂ ಅಡ್ಡಿಲ್ಲೆ. ಬಿಸಾಡ್ಬೇಡ. ನಾ ಬಂದ್ ಕಾಂತೆ."